ಕಾಕ್ ತೆಗೀರಿ ಅಂದಿದ್ದೆ

ಏಳು ವರ್ಷದ ಹಿಂದೆ, ಒಂದು ಊಟದ ಬಿಡುವಿನಲ್ಲಿ, ಬಾಯ್ಲರ್ ರೂಮಿನ ಸ್ಟೂಲಿನ ಮೇಲೆ ಕೂತು ಮೊಬೈಲಿನಲ್ಲಿ ಒಂದು ಉತ್ತರ ಬರೆದೆ. ಪ್ರಶ್ನೋತ್ತರದ ತಾಣ ಅದು. ಗೊತ್ತಿಲ್ಲದವರು ಕೇಳುತ್ತಾರೆ, ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದೆಯೂ ಹೇಳುವವರು ಬೇಕಾದಷ್ಟಿದ್ದಾರೆ. ನಾನು ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಬಾಯ್ಲರ್ ಆಪರೇಟರ್. ತಾಣದಲ್ಲಿ ನನ್ನ ಹೆಸರು ಹಬೆರಾಯ. ಆ ಹೆಸರು ಇಟ್ಟುಕೊಂಡಾಗ ನನ್ನ ಹೆಂಡತಿ, "ಹೆಸರು ಸರಿಯಾಗಿದೆ, ಯಾವಾಗ ನೋಡಿದ್ರೂ ಕುದೀತಾ ಇರ್ತೀರಿ" ಎಂದಿದ್ದಳು.

ಪ್ರಶ್ನೆ ಸುಲಭದ್ದು. ಬಾಯ್ಲರಿನೊಳಗೆ ನೀರು ಎಷ್ಟಿದೆ ಎಂದು ತೋರಿಸಲು ಹೊರಗಡೆ ಒಂದು ಗಾಜಿನ ಕೊಳವೆ ಇರುತ್ತದೆ. ಆ ಗಾಜಿನಲ್ಲಿ ನೀರು ಅಲ್ಲಾಡದೆ ನಿಂತಿದೆ, ಏನು ಮಾಡಲಿ ಎಂದು ಯಾರೋ ಕೇಳಿದ್ದರು. ನಾನು ಬಾಯಲ್ಲಿ ಹೇಳುವ ಹಾಗೆಯೇ ಬರೆದೆ: "ಗಾಜಿನ ಕೆಳಗಡೆ ಇರೋ ಕಾಕ್ ತೆಗೀರಿ. ಹಬೆ, ನೀರು ಎರಡೂ ಭುಸ್ ಅಂತ ಹೋಗ್ಲಿ. ಆಮೇಲೆ ಮುಚ್ಚಿ. ನೀರು ಚಟ್ಟನೆ ಮೇಲಕ್ಕೆ ಬಂದ್ರೆ ದಾರಿ ಸರಿಯಾಗಿದೆ. ತೂಕಡಿಸ್ತಾ ಬಂದ್ರೆ ಎಲ್ಲೋ ಕಟ್ಟಿಕೊಂಡಿದೆ."

ನಲ್ಲಿ ತೆಗೆ, ಬಾಗಿಲು ತೆಗೆ, ಅಂಗಡಿ ತೆಗೆ ಅನ್ನುವ ಹಾಗೆ ಕಾಕ್ ತೆಗೆ. ಕಾಕ್ ಅಂದರೆ ಒಂದು ಪುಟ್ಟ ನಲ್ಲಿಯೇ, ಅದರ ಹಿಡಿಯನ್ನು ಕಾಲು ಸುತ್ತು ತಿರುಗಿಸುವುದು, ಅಷ್ಟೇ. ಬಾಗಿಲು ತೆಗೆ ಅಂದರೆ ಯಾರೂ ಬಾಗಿಲನ್ನು ಚೌಕಟ್ಟಿನಿಂದ ಕಿತ್ತು ಹೆಗಲ ಮೇಲೆ ಹೊತ್ತುಕೊಂಡು ಹೋಗುವುದಿಲ್ಲ. ಆದರೆ ಅದೇ ನಾಲಿಗೆಯಲ್ಲಿ ಕನ್ನಡಕ ತೆಗೆ, ಚಪ್ಪಲಿ ತೆಗೆ ಎಂದೂ ಹೇಳುತ್ತೇವೆ ಅನ್ನುವುದು ಆಗ ನನ್ನ ಬುದ್ಧಿಗೆ ಹೊಳೆಯಲಿಲ್ಲ. ಕೆಳಗೆ ಯಾರೋ "ಆಧಾರ?" ಎಂದು ಕೇಳಿದ್ದರು. "ನಾನೇ ಆಧಾರ. ಹದಿನೈದು ವರ್ಷದಿಂದ ಇದೇ ಕೆಲಸ" ಎಂದು ಬರೆದೆ. ನಾನೂರು ಜನ ಮೆಚ್ಚಿದರು. ನಾನು ಆ ವಾರವೆಲ್ಲ ಮೀಸೆ ತಿರುವಿಕೊಂಡು ಓಡಾಡಿದೆ.

ಆಮೇಲೆ ಯಾರೋ ಪುಣ್ಯಾತ್ಮ ಬಂದು ನನ್ನ ಉತ್ತರದ ಭಾಷೆ ತಿದ್ದಿದ. "ಆಡುಮಾತನ್ನು ಶಿಷ್ಟಭಾಷೆಗೆ ತಿದ್ದಲಾಗಿದೆ" ಎಂದು ಟಿಪ್ಪಣಿ ಹಾಕಿದ. ತಾಣದಲ್ಲಿ ಯಾರು ಬೇಕಾದರೂ ತಿದ್ದಬಹುದು. ನಾನು ಮೆಚ್ಚಿದವರನ್ನು ಎಣಿಸುವುದರಲ್ಲಿದ್ದೆ, ತಿದ್ದಿದ್ದನ್ನು ಓದಲಿಲ್ಲ.

ಓದಿದ್ದು ಮೊನ್ನೆ ಮೊನ್ನೆ, ಅದೂ ನನ್ನ ತಂಗಿಯ ಮೊಬೈಲಿನಲ್ಲಿ.

ತಂಗಿಗೆ ನಲವತ್ತಾಗಿದ್ದರೂ ನನ್ನ ಬಾಯಲ್ಲಿ ಪುಟ್ಟಿಯೇ. ಅವಳ ಗಂಡನ ಬೆನ್ನು ಹೋಗಿ ಮನೆ ಹಿಡಿದ ಮೇಲೆ ಆ ಸಂಸಾರ ನಿಂತಿರುವುದು ಅವಳೊಬ್ಬಳ ದುಡಿಮೆಯ ಮೇಲೆ. ನಾನೇ ಕೈಹಿಡಿದು ಬಾಯ್ಲರ್ ಕೆಲಸ ಹೇಳಿಕೊಟ್ಟು, ಪರೀಕ್ಷೆ ಕಟ್ಟಿಸಿದ್ದೆ. ಎರಡು ತಿಂಗಳ ಹಿಂದೆ, ಹೊಸದಾಗಿ ಶುರುವಾದ ಸಿದ್ಧ ಉಡುಪಿನ ಇಸ್ತ್ರಿ ಘಟಕದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಒಂದು ಗುರುವಾರ ಸಂಜೆ ಮನೆಗೆ ಬಂದವಳು ಗೋಡೆಯ ಮೇಲಿದ್ದ ಸೂಚನೆಯ ಹಾಳೆಯ ಫೋಟೊ ತೋರಿಸಿದಳು.

"ಸೇಫ್ಟಿ ಆಡಿಟರ್ ಬರ್ತಾರಂತೆ ಅಣ್ಣಾ, ಇನ್ನು ಹದಿನೆಂಟು ದಿನಕ್ಕೆ, ಸೋಮವಾರ. ಈ ಹಾಳೆಯಲ್ಲಿರೋದನ್ನ ಅವರೆದುರು ಮಾಡಿ ತೋರಿಸ್ಬೇಕು. ಪಾಸಾದ್ರೆ ಕೆಲ್ಸ ಖಾಯಂ."

ಮೂರನೆಯ ಸಾಲು ಹೀಗಿತ್ತು: "ಗಾಜಿನ ಕೊಳವೆಯ ಕೆಳಭಾಗದಲ್ಲಿರುವ ಕಾಕನ್ನು ಕಳಚಿರಿ. ಹಬೆ ಮತ್ತು ನೀರು ಹೊರಹೋಗಲಿ."

ಕುದಿಯುವ ಬಾಯ್ಲರಿನ ಕಾಕನ್ನು ಸ್ಪ್ಯಾನರ್ ಹಾಕಿ ಕಳಚಿದರೆ ಹಬೆ ಸೀದಾ ಕೈಗೆ, ಮುಖಕ್ಕೆ ಹೊಡೆಯುತ್ತದೆ. ಮತ್ತೆ ಮುಚ್ಚಲು ಅಲ್ಲಿ ಕಾಕೇ ಇರುವುದಿಲ್ಲ, ಮುಚ್ಚುವವಳ ಕೈಯೂ ಇರುವುದಿಲ್ಲ.

"ಇಷ್ಟು ದಿನ ಇದನ್ನ ಮಾಡ್ತಿದ್ರಾ ನೀವು?"

"ಎಲ್ಲಿ ಮಾಡ್ತಾರೆ, ದಿನಾ ಟಿಕ್ ಹಾಕಿ ಸೈನ್ ಮಾಡೋದು ಅಷ್ಟೇ. ಸೋಮವಾರವೇ ಮೊದ್ಲು."

"ಪುಟ್ಟೀ, ಅದನ್ನ ಕಳಚಬಾರ್ದು. ತಿರುಗಿಸ್ಬೇಕು. ನಾನು ಹೇಳ್ಕೊಟ್ಟಿದ್ದು ಮರ್ತು ಹೋಯ್ತಾ?"

"ಮರ್ತಿಲ್ಲಣ್ಣ. ಆದ್ರೆ ಅಂಟು ಬಿಡಲ್ಲ." ಅವಳ ಮೇಲ್ವಿಚಾರಕ ಎಲ್ಲದಕ್ಕೂ ಒಂದು ಹಾಳೆ ಮುದ್ರಿಸಿ ಗೋಡೆಗೆ ಅಂಟಿಸುತ್ತಾನೆಂದು ಅಲ್ಲಿಯವರೆಲ್ಲ ಅವನನ್ನು ಅಂಟು ಎನ್ನುತ್ತಾರೆ. "ನಿಮ್ಮಣ್ಣ ಹೇಳಿದ್ದು ನಿಮ್ಮಣ್ಣನ ಬಾಯ್ಲರಿಗೆ, ಇಲ್ಲಿ ತಾಣದಲ್ಲಿರೋದೇ ನಡೆಯೋದು, ಅಲ್ಲಿ ಬದ್ಲಾದ್ರೆ ಹಾಳೆನೂ ಬದ್ಲಾಯಿಸ್ತೀನಿ ಅಂತಾರೆ."

ಹಾಳೆಯ ಅಡಿಯಲ್ಲಿ ತಾಣದ ಹೆಸರಿತ್ತು. ಉತ್ತರ ಬರೆದವರು: ಹಬೆರಾಯ.

ನಕ್ಕುಬಿಟ್ಟೆ. ಇದೆಷ್ಟರ ಕೆಲಸ, ನನ್ನದೇ ಉತ್ತರ, ಐದು ನಿಮಿಷದಲ್ಲಿ ಸರಿಮಾಡುತ್ತೇನೆ ಎಂದು ಅವಳೆದುರೇ "ಕಳಚಿರಿ" ಅಳಿಸಿ "ಹಿಡಿ ತಿರುಗಿಸಿ ತೆರೆಯಿರಿ" ಎಂದು ಬರೆದೆ. ಅವಳು ಟೀ ಕುಡಿದು ಮುಗಿಸುವುದರೊಳಗೆ ಅದು ಮತ್ತೆ "ಕಳಚಿರಿ" ಆಗಿತ್ತು.

ತಿರುಗಿ ಬದಲಿಸಿದವರು ತಾಣದ ನಿರ್ವಾಹಕರು. ಅವರ ಹೆಸರು ಅಡಿಟಿಪ್ಪಣಿ. ಗಂಡೋ ಹೆಣ್ಣೋ ಗೊತ್ತಿಲ್ಲ. ಎಂದೂ ಏರುದನಿಯಲ್ಲಿ ಬರೆದವರಲ್ಲ, ಅದೇ ನನಗೆ ಮೈ ಉರಿಯುವುದು. "ಮಾನ್ಯರೇ, ಈ ಉತ್ತರಕ್ಕೆ ಈಗ ಮುದ್ರಿತ ಆಧಾರವಿದೆ: ತರಬೇತಿ ಕೇಂದ್ರದ ಕೈಪಿಡಿ, ಪುಟ ೩೧. ಆಧಾರವಿರುವ ಮಾತನ್ನು ಆಧಾರವಿಲ್ಲದೆ ಬದಲಿಸುವಂತಿಲ್ಲ. ಜೀವಕ್ಕೆ ಅಪಾಯವಿರುವ ವಿಷಯಗಳಲ್ಲಿ ಈ ನಿಯಮ ಕಡ್ಡಾಯ ಎಂಬುದು ತಮಗೆ ತಿಳಿದೇ ಇದೆ."

ತಿಳಿಯದೆ ಏನು? ಆ ನಿಯಮಕ್ಕೆ ಮೊದಲು ಕೈ ಎತ್ತಿದವನೇ ನಾನು. ಮೂರು ವರ್ಷದ ಹಿಂದೆ ಒಬ್ಬ ಮಹಾನುಭಾವ, ನೀರಿಲ್ಲದೆ ಕಾದು ಕೆಂಪಾದ ಬಾಯ್ಲರಿಗೆ ತಣ್ಣೀರು ಬಿಡಿ ಎಂದು ಬರೆದಿದ್ದ. ಅದು ಬಾಂಬಿಗೆ ಬತ್ತಿ ಹಚ್ಚುವ ಕೆಲಸ. ಆಗ ನಿಯಮದ ಬಗ್ಗೆ ದೊಡ್ಡ ಚರ್ಚೆಯಾಯಿತು. ನೀರು ಕುದಿಯುತ್ತದೆ ಅನ್ನುವುದಕ್ಕೆ ಆಧಾರ ಬೇಡ, ಜೀವ ಹೋಗುವ ವಿಷಯಕ್ಕೆ ಬೇಕೇ ಬೇಕು, ಸ್ವಂತ ಅನುಭವವನ್ನು ಅನುಭವ ಎಂದೇ ಹೇಳಿ ಬರೆಯಬಹುದು, ಆದರೆ ಮುದ್ರಿತ ಆಧಾರದ ಮೇಲೆ ಅದನ್ನು ಹೇರುವಂತಿಲ್ಲ ಎಂದು ತೀರ್ಮಾನವಾಯಿತು. "ಬಾಯಿಗೆ ಬಂದದ್ದು ಬರೆಯುವವರ ಬಾಯಿ ಮುಚ್ಚಿಸಿ" ಎಂದು ನಾನು ಬರೆದದ್ದು ಈಗಲೂ ಅಲ್ಲಿದೆ. ಮುಚ್ಚಿದ ಬಾಯಿ ನನ್ನದೇ ಆಯಿತು.

ಮರುದಿನ ಕೆಲಸದಿಂದ ಸೀದಾ ತರಬೇತಿ ಕೇಂದ್ರಕ್ಕೆ ಹೋದೆ. ಕೈಪಿಡಿ ಬರೆದ ಮೇಷ್ಟ್ರು ಒಳ್ಳೆಯವರು, ಕುರ್ಚಿ ಎಳೆದು ಕೂರಿಸಿದರು. ಪುಟ ಮೂವತ್ತೊಂದನ್ನು ಎಲ್ಲಿಂದ ತಂದಿರಿ ಎಂದು ಕೇಳಿದೆ.

"ಅದಾ? ತಾಣದಿಂದ. ನಾನೂರು ಜನ ಮೆಚ್ಚಿದ್ರು. ಯಾರೋ ಹಬೆರಾಯ ಅಂತ, ಪಳಗಿದ ಕೈ."

"ಅದು ನಾನೇ ಸಾರ್. ಅದು ತಪ್ಪು ಸಾರ್."

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಹಾಗಾದ್ರೆ ಅಲ್ಲಿ ಮೊದ್ಲು ಸರಿಮಾಡಿ. ಅಲ್ಲಿ ಬದಲಾದ ಕೂಡ್ಲೇ ಮುಂದಿನ ಮುದ್ರಣದಲ್ಲಿ ಬದಲಾಯಿಸ್ತೀವಿ. ನಮಗೂ ಒಂದು ಆಧಾರ ಬೇಕಲ್ಲ?"

ಅಡಿಟಿಪ್ಪಣಿಗೆ ಇದನ್ನೆಲ್ಲ ಬರೆದೆ. ಕೈಪಿಡಿ ನನ್ನನ್ನೇ ನಕಲು ಮಾಡಿದೆ, ನೀವು ಕೈಪಿಡಿ ತೋರಿಸಿ ನನ್ನ ಬಾಯಿ ಮುಚ್ಚಿಸುತ್ತಿದ್ದೀರಿ, ಇದು ಯಾವ ನ್ಯಾಯ? "ಮಾತುಕತೆ ಆಧಾರವಾಗದು. ಅವರು ಲಿಖಿತವಾಗಿ ಕೊಟ್ಟರೆ ಪರಿಶೀಲಿಸುತ್ತೇನೆ" ಎಂದು ಉತ್ತರ ಬಂತು. ಮೇಷ್ಟ್ರಿಗೆ ಫೋನ್ ಮಾಡಿದರೆ, ತಪ್ಪು ಎಂದು ಬರೆದುಕೊಡಲು ಮೇಲಿನವರ ಸಹಿ ಬೇಕು ಎಂದರು. ಮೇಲಿನವರು ರಜೆಯ ಮೇಲಿದ್ದರು.

ತಲೆ ಕೆಟ್ಟು ಹೋಯಿತು. ಆಗ ನೆನಪಾದದ್ದು ಬಾಯ್ಲರ್ ಕಂಪನಿಯ ಪುಸ್ತಿಕೆ. ಕಂಪನಿ ಮುಚ್ಚಿ ಕಾಲವಾಗಿತ್ತು, ಪುಸ್ತಿಕೆ ಮಾತ್ರ ನಮ್ಮ ಬಾಯ್ಲರ್ ರೂಮಿನ ಬೀರುವಿನಲ್ಲಿತ್ತು. ಅಚ್ಚ ಕನ್ನಡದಲ್ಲಿ ಅಚ್ಚು ಹಾಕಿಸಿದ್ದರು. ಒಂದೊಂದೇ ಪುಟ ತಿರುವಿದೆ. ಸಿಕ್ಕಿತು: "ಕೆಳಗಿನ ಕಾಕ್ ತೆಗೆಯಿರಿ." ಫೋಟೊ ಹೊಡೆದು ಹಾಕಿದೆ. ಗೆದ್ದೆ ಎಂದುಕೊಂಡು ಆ ದಿನ ಹೊಟ್ಟೆತುಂಬ ಉಂಡೆ.

"ಧನ್ಯವಾದಗಳು ಹಬೆರಾಯರೇ" ಎಂದು ಅಡಿಟಿಪ್ಪಣಿ ಬರೆದಿದ್ದರು. "ತೆಗೆ ಎಂಬುದಕ್ಕೆ ಕಳಚು, ಹೊರತೆಗೆ ಎಂಬ ಅರ್ಥಗಳೂ ನಿಘಂಟಿನಲ್ಲಿವೆ. ಕೈಪಿಡಿಯೂ ಹಾಗೆಯೇ ಬಿಡಿಸಿದೆ. ತಾವು ಒದಗಿಸಿದ ಪುಟವನ್ನು ಈಗಿನ ಉತ್ತರಕ್ಕೆ ಎರಡನೆಯ ಆಧಾರವಾಗಿ ಸೇರಿಸಿದ್ದೇನೆ."

ನಾನು ಮೊಬೈಲನ್ನು ಗೋಡೆಗೆ ಎಸೆಯಲಿಲ್ಲ, ಅದು ನನ್ನ ಪುಣ್ಯ. ಇಪ್ಪತ್ತೆರಡು ವರ್ಷ ಬೆಂಕಿಯ ಮುಂದೆ ನಿಂತಿದ್ದೇನೆ, ಹಾಗೆ ಉಸಿರು ಕಟ್ಟಿದ್ದು ಮಾತ್ರ ಆವತ್ತೇ. ಯಾವ ಬಾಗಿಲು ತಟ್ಟಿದರೂ ಒಳಗಿನಿಂದ ನನ್ನದೇ ದನಿ ಕೇಳುತ್ತಿತ್ತು. ಸೋಮವಾರಕ್ಕೆ ಆರು ದಿನ ಉಳಿದಿತ್ತು.

ಅಡಿಟಿಪ್ಪಣಿಗೆ ಏಳನೆಯ ವಾಕ್ಯವೋ ಎಂಟನೆಯದೋ ಬರೆದು ಅಳಿಸುತ್ತಿದ್ದಾಗ ಬೆರಳು ತಾನಾಗಿಯೇ ಓಡಿತು: "ಹಬೆ ಯಂತ್ರಗಳ ನಿರ್ವಹಣೆ: ಕಾರ್ಮಿಕರ ಕೈಗನ್ನಡಿ, ಎರಡನೆಯ ಮುದ್ರಣ, ಪುಟ ೫೮. ಕಾಕನ್ನು ಕಳಚಕೂಡದು. ಹಿಡಿಯನ್ನು ಕಾಲು ಸುತ್ತು ತಿರುಗಿಸಿ ತೆರೆಯತಕ್ಕದ್ದು."

ಅಂಥ ಪುಸ್ತಕವೇ ಇಲ್ಲ. "ತಕ್ಕದ್ದು" ಎಂದು ಸೇರಿಸಿದ್ದು ಮಾತ್ರ ನನ್ನ ಜಾಣತನ, ಪುಸ್ತಕದ ಗತ್ತು ಬರಲಿ ಎಂದು.

ಹತ್ತು ನಿಮಿಷ. ಅಷ್ಟೇ ಹಿಡಿದದ್ದು. ಅಡಿಟಿಪ್ಪಣಿ ಉತ್ತರ ಬದಲಿಸಿದರು, ಕಾರ್ಮಿಕರಿಗಾಗಿಯೇ ಬರೆದ ಪುಸ್ತಕ ಸಾಮಾನ್ಯ ಕೈಪಿಡಿಗಿಂತ ಮೇಲು ಎಂದು ಟಿಪ್ಪಣಿ ಹಾಕಿದರು, ನನ್ನ ತಾಳ್ಮೆಗೆ ವಂದಿಸಿದರು. ಸತ್ಯವನ್ನು ಹೊತ್ತು ಹನ್ನೆರಡು ದಿನ ಬಾಗಿಲಲ್ಲಿ ನಿಂತಿದ್ದೆ. ಸುಳ್ಳಿಗೆ ಹತ್ತು ನಿಮಿಷಕ್ಕೆ ಬಾಗಿಲು ತೆಗೆದರು.

ಮರುದಿನ ತಂಗಿಯ ಫೋನು. ದನಿಯಲ್ಲೇ ನಗು. "ಅಣ್ಣಾ, ಅಂಟು ಹೊಸ ಹಾಳೆ ಅಂಟಿಸಿದ್ರು! ಪುಟ ಐವತ್ತೆಂಟು ಅಂತ ಕೆಳಗೇ ಬರ್ದಿದೆ. ಅಲ್ಲ ಕಣೋ, ಪುಸ್ತಕದಲ್ಲಿದೆ ಅಂತ ಮೊದ್ಲೇ ಹೇಳೋಕೇನಾಗಿತ್ತು ನಿಂಗೆ? ಇಷ್ಟು ದಿನ ಸುಮ್ನೆ ಬಾಯಲ್ಲಿ ಹೇಳ್ತಿದ್ಯಲ್ಲ."

ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು, ಅದರ ಜೊತೆಗೇ ಒಂದು ಮುಳ್ಳೂ ಚುಚ್ಚಿತು. ಇಲ್ಲದ ಪುಸ್ತಕದ ಮೇಲಿರುವ ನಂಬಿಕೆ ಇರುವ ಅಣ್ಣನ ಮೇಲಿಲ್ಲವಲ್ಲ ಎಂದು ನಿಜವಾಗಿಯೂ ನೋವಾಯಿತು. ಆದರೂ ಕೈ ಉಳಿಯಿತಲ್ಲ, ಸಾಕು ಎಂದುಕೊಂಡೆ.

ಆ ನೆಮ್ಮದಿ ಎರಡು ದಿನ ಇತ್ತು. ಮೊದಲು ಅಡಿಟಿಪ್ಪಣಿ, ಅಂಥ ಒಳ್ಳೆಯ ಪುಸ್ತಕ ತಮ್ಮಲ್ಲಿರುವಾಗ ತಮ್ಮ ಉಳಿದ ನೂರಾ ಹದಿನಾರು ಉತ್ತರಗಳಿಗೂ ಪುಟಸಂಖ್ಯೆ ಕೊಡಬಾರದೇ ಎಂದು ಕೇಳಿದರು. ಅದಕ್ಕೆ ಏನೋ ನೆಪ ಹೇಳಿದೆ. ಶುಕ್ರವಾರ ತಂಗಿ ಮತ್ತೆ ಫೋನ್ ಮಾಡಿದಳು.

"ಅಣ್ಣಾ, ನಿನ್ನ ಪುಸ್ತಕದಿಂದ ಇನ್ನೊಂದು ಹಾಳೆ ಬಂತು. ಸೇಫ್ಟಿ ವಾಲ್ವ್ ಪದೇ ಪದೇ ಹಬೆ ಬಿಡ್ತಿದ್ರೆ ಅದರ ಹಿಡಿನ ತಂತಿಯಿಂದ ಬಿಗಿದು ಕಟ್ಬೇಕಂತೆ. ನಮ್ದು ಬಿಡ್ತಾನೇ ಇತ್ತು. ಅಂಟು ಕಟ್ಟಿಸ್ಬಿಟ್ರು."

"ಯಾವ ಪುಸ್ತಕ?"

"ನಿಂದೇ ಕಣೋ. ಕೈಗನ್ನಡಿ. ಪುಟ ನೂರಾ ಹನ್ನೆರಡು."

ಬಾಯ್ಲರಿಗೆ ಉಸಿರಾಡಲು ಇರುವುದು ಅದೊಂದೇ ಮೂಗು. ಒತ್ತಡ ಮೀರಿದಾಗ ತಾನಾಗಿ ತೆರೆದುಕೊಳ್ಳುವ ಆ ವಾಲ್ವನ್ನು ಕಟ್ಟಿಹಾಕಿದರೆ ಒಂದು ದಿನ ಬಾಯ್ಲರೇ ಸಿಡಿಯುತ್ತದೆ. ಆಗ ಕೈ ಮಾತ್ರವಲ್ಲ, ರೂಮೂ ಇರುವುದಿಲ್ಲ. ಈಗಲೇ ಬಿಚ್ಚಿಸು ಎಂದರೆ, ನಿನ್ನ ಪುಸ್ತಕದಲ್ಲೇ ಇದೆಯಲ್ಲ ಎಂದಳು. ತಾಣ ತೆರೆದು ನೋಡಿದೆ. ನಿಜ. ಯಾವನೋ ತನಗೆ ತೋಚಿದ್ದನ್ನು ಬರೆದು, ನನ್ನ ಪುಸ್ತಕದ ಹೆಸರು ಹಾಕಿ, ತನಗಿಷ್ಟವಾದ ಪುಟ ಕೊಟ್ಟಿದ್ದ. ಇನ್ನಿಬ್ಬರು ಬೇರೆ ಬೇರೆ ಪ್ರಶ್ನೆಗಳಿಗೆ ಅದೇ ಪುಸ್ತಕವನ್ನು ತೋರಿಸಿದ್ದರು. ಇಲ್ಲದ ಪುಸ್ತಕವನ್ನು ಯಾರು ತೆರೆದು ನೋಡುತ್ತಾರೆ? ಸುಳ್ಳುಗಾರರಿಗೆ ನಾನೊಂದು ಛತ್ರ ಕಟ್ಟಿಸಿಕೊಟ್ಟಂತಾಗಿತ್ತು.

ಸುಮ್ಮನಿದ್ದರೆ ವಾಲ್ವು ಕಟ್ಟಿಯೇ ಇರುತ್ತದೆ. ಪುಸ್ತಕ ಸುಳ್ಳು ಎಂದರೆ ಕಾಕಿನ ಹಾಳೆ ಹಿಂದಕ್ಕೆ ಹೋಗುತ್ತದೆ. ಸಿಡಿಯುವುದಕ್ಕಿಂತ ಸುಡುವುದು ವಾಸಿಯೇ ಎಂದು ಒಡಹುಟ್ಟಿದವಳ ವಿಷಯದಲ್ಲಿ ಲೆಕ್ಕ ಹಾಕುತ್ತಾ ಕೂತ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕೊನೆಗೆ ಶನಿವಾರ ಬೆಳಿಗ್ಗೆ ಎಲ್ಲ ಬಿಚ್ಚಿ ಬರೆದೆ. ಪುಸ್ತಕ ಇಲ್ಲ, ನಾನೇ ಕಟ್ಟಿದ್ದು, ದಯವಿಟ್ಟು ವಾಲ್ವಿನ ಉತ್ತರ ಅಳಿಸಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ಅಡಿಟಿಪ್ಪಣಿಯ ಉತ್ತರ ಎಂದಿನಂತೆ ತಣ್ಣಗಿತ್ತು. "ತಾವು ಸುಳ್ಳು ಆಧಾರ ಕೊಟ್ಟಿದ್ದಾಗಿ ಒಪ್ಪಿಕೊಂಡಿರುವುದರಿಂದ ತಮ್ಮ ಖಾತೆಯನ್ನು ಮುಚ್ಚಲಾಗಿದೆ, ಕಾಕಿನ ಉತ್ತರವನ್ನು ಹಿಂದಿನಂತೆ ಮಾಡಲಾಗಿದೆ. ಪುಸ್ತಕವೇ ಇಲ್ಲ ಎಂಬ ತಮ್ಮ ಮಾತನ್ನು ಮಾತ್ರ ಈಗ ನಂಬುವುದು ಕಷ್ಟ. ಇತರ ಮೂವರು ಸದಸ್ಯರು ಅದನ್ನು ಸ್ವತಂತ್ರವಾಗಿ ಉಲ್ಲೇಖಿಸಿದ್ದಾರೆ. ಇಲ್ಲ ಎಂಬುದಕ್ಕೆ ಆಧಾರವಿದ್ದರೆ ಬೇರೆಯವರ ಮೂಲಕ ಕಳುಹಿಸಿ."

ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಪುಸ್ತಕ ಸುಳ್ಳಾ?"

"ಸುಳ್ಳು."

"ಕಾಕ್ ವಿಷ್ಯ?"

"ಅದು ನಿಜ ಪುಟ್ಟಿ. ವಾಲ್ವ್ ಕಟ್ಟಬಾರ್ದು ಅನ್ನೋದೂ ನಿಜ."

"ಒಂದು ಸುಳ್ಳು, ಎರಡು ನಿಜ. ನಾನು ಯಾವುದನ್ನ ನಂಬ್ಲಿ ಹೇಳು? ಮನೇಲಿ ಮೂರು ಜನ ನನ್ನ ಮುಖ ನೋಡ್ಕೊಂಡು ಕೂತಿದಾರೆ. ನಾನು ಅಂಟು ಹತ್ರ ಏನಂತ ಹೇಳ್ಲಿ? ನಮ್ಮಣ್ಣ ಸುಳ್ಳುಗಾರ, ಅದಕ್ಕೆ ಅವನ ಮಾತು ಕೇಳಿ ಅಂತಾನಾ?" ಅವಳು ಅಳುತ್ತಿದ್ದಳು. ಫೋನ್ ಇಟ್ಟಳು. ಭಾನುವಾರವೆಲ್ಲ ಎತ್ತಲಿಲ್ಲ.

ಸೋಮವಾರ ರಜೆ ಹಾಕಿ ಇಸ್ತ್ರಿ ಘಟಕಕ್ಕೆ ಹೋದೆ. ಪಾಸ್ ಇಲ್ಲದೆ ಬಿಡುವುದಿಲ್ಲ ಎಂದು ಗೇಟಿನವನು ಅಡ್ಡ ಕೈ ಹಾಕಿದ. ಕಾಂಪೌಂಡಿನ ಪಕ್ಕದ ಓಣಿಗೆ ಬಾಯ್ಲರ್ ರೂಮಿನ ಕಿಟಕಿ ಇತ್ತು, ಕಬ್ಬಿಣದ ಜಾಲರಿ ಬಡಿದದ್ದು. ಇಟ್ಟಿಗೆಯ ರಾಶಿ ಹತ್ತಿ ನಿಂತೆ. ಒಳಗೆ ತಂಗಿ, ಪಕ್ಕದಲ್ಲಿ ಅಂಟು, ಪ್ಯಾಡು ಹಿಡಿದ ಆಡಿಟರು. ಗೋಡೆಯ ಮೇಲೆ ಹಾಳೆಗಳು, ಕಾಕಿನದು ಮತ್ತೆ "ಕಳಚಿರಿ" ಆಗಿತ್ತು. ಮೇಲೆ ವಾಲ್ವಿನ ಹಿಡಿಗೆ ಮೂರು ಸುತ್ತು ತಂತಿ.

ಅಂಟು ಅವಳ ಕೈಗೆ ಸ್ಪ್ಯಾನರ್ ಕೊಟ್ಟ. "ಪುಟ್ಟೀ!" ಎಂದು ಕೂಗಿದೆ. ಬೆಂಕಿಗೆ ಗಾಳಿ ಊದುವ ಬ್ಲೋಯರಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಜಾಲರಿಯನ್ನು ಹಿಡಿದು ಜಗ್ಗಿದೆ, ಅದು ಮಿಸುಕಲಿಲ್ಲ. ಅವಳು ಗಾಜಿನ ಮುಂದೆ ಬಗ್ಗಿದಳು. ನಾನು ಕಣ್ಣು ಮುಚ್ಚಿಕೊಂಡೆ, ಆಮೇಲೆ ಮುಚ್ಚಿಕೊಂಡಿರಲೂ ಆಗಲಿಲ್ಲ.

ಸ್ಪ್ಯಾನರ್ ನೆಲದ ಮೇಲಿತ್ತು. ಅವಳು ಪಕ್ಕಕ್ಕೆ ಸರಿದು ನಿಂತು, ನಾನು ಹೇಳಿಕೊಟ್ಟ ಹಾಗೆ, ಹಿಡಿಯನ್ನು ಕಾಲು ಸುತ್ತು ತಿರುಗಿಸಿದಳು. ಭುಸ್ ಎಂದು ಹೋಯಿತು. ಮುಚ್ಚಿದಳು. ನೀರು ಚಟ್ಟನೆ ಮೇಲಕ್ಕೆ ಬಂತು. ಆಮೇಲೆ ಇಕ್ಕಳ ತೆಗೆದುಕೊಂಡು ಏಣಿ ಹತ್ತಿ ವಾಲ್ವಿನ ತಂತಿಯನ್ನು ಕತ್ತರಿಸಿದಳು. ಅಂಟು ಕೈ ಬೀಸಿ ಬೀಸಿ ಕೂಗಾಡುತ್ತಿದ್ದ. ಆಡಿಟರು ಬ್ಲೋಯರ್ ನಿಲ್ಲಿಸಲು ಹೇಳಿದರು. ಆಗ ಮಾತು ಕೇಳಿಸಿತು.

"ಹಾಳೆಯಲ್ಲಿರೋದು ಬೇರೆ, ನೀವು ಮಾಡಿದ್ದು ಬೇರೆ. ಯಾವ ಆಧಾರದ ಮೇಲೆ ಮಾಡಿದ್ರಮ್ಮಾ?"

"ನಮ್ಮಣ್ಣ ಹೇಳಿದ್ದು ಸಾರ್."

"ಯಾರು ನಿಮ್ಮಣ್ಣ?"

ಅವಳು ಕಿಟಕಿಯ ಕಡೆ ಕೈ ತೋರಿಸಿದಳು. ನಾನು ಅಲ್ಲಿರುವುದು ಅವಳಿಗೆ ಮೊದಲಿಂದಲೂ ಗೊತ್ತಿತ್ತು. ಆಡಿಟರು ಜಾಲರಿಯ ಹತ್ತಿರ ಬಂದು, "ಇದು ಎಲ್ಲಾದ್ರೂ ಬರೆದಿದೆಯಾ?" ಎಂದು ಕೇಳಿದರು. ಒಂದು ಹೆಸರು, ಒಂದು ಪುಟಸಂಖ್ಯೆ ನನ್ನ ನಾಲಿಗೆಯ ತುದಿಗೆ ಬಂದಿತ್ತು.

"ಎಲ್ಲೂ ಇಲ್ಲ ಸಾರ್. ನನಗೆ ಗೊತ್ತು."

ಅವರು ತಲೆಯಾಡಿಸಿ ಪ್ಯಾಡಿನಲ್ಲಿ ಬರೆದುಕೊಂಡರು. ಸೂಚನೆ ಪಾಲಿಸಿಲ್ಲ. ಮನಸ್ಸಿಗೆ ಬೇಸರವಾದವರ ಹಾಗೆಯೇ ಬರೆದರು, ಆದರೆ ಬರೆದರು.

ಒಂದು ಗಂಟೆಯ ಮೇಲೆ ತಂಗಿ ಊಟದ ಡಬ್ಬಿ, ಚಪ್ಪಲಿ, ಒಂದು ಸ್ವೆಟರನ್ನು ಚೀಲಕ್ಕೆ ತುಂಬಿಕೊಂಡು ಗೇಟಿನಿಂದ ಹೊರಗೆ ಬಂದಳು. ನಾನು ಏನೋ ಹೇಳಲು ಹೋದೆ. "ಈಗ ಸುಮ್ನಿರು ಅಣ್ಣಾ. ಮಧ್ಯಾಹ್ನದ ಪಾಳಿಯವರಿಗೂ ಇವತ್ತೇ ಪರೀಕ್ಷೆ" ಎಂದಳು. ತಂತಿಯನ್ನು ಅಂಟು ಆಗಲೇ ಮತ್ತೆ ಕಟ್ಟಿಸಿದ್ದನಂತೆ.

ಇಬ್ಬರೂ ಗೇಟಿನ ಪಕ್ಕದಲ್ಲೇ ನಿಂತೆವು. ಎರಡು ಗಂಟೆಗೆ ಆ ಪಾಳಿಯವರು ಸೈಕಲ್ ತಳ್ಳಿಕೊಂಡು ಬಂದರು, ಐವತ್ತು ದಾಟಿದ ಮನುಷ್ಯ. ತಂಗಿ ಸೈಕಲ್ಲಿನ ಹ್ಯಾಂಡಲನ್ನೇ ಹಿಡಿದು ನಿಲ್ಲಿಸಿದಳು. ಕಾಕ್ ಕಳಚಬೇಡಿ, ಹಿಡಿ ಮಾತ್ರ ತಿರುಗಿಸಿ, ಮೇಲಿನ ತಂತಿ ಮೊದಲು ಬಿಚ್ಚಿ ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

"ಹಾಳೆಯಲ್ಲಿ ಹಾಗಿಲ್ವಲ್ಲ. ಯಾರು ಹೇಳಿದ್ರು?"

"ಯಾರು ಹೇಳಿದ್ರೇನು ಯಜಮಾನ್ರೇ, ನನ್ನೇ ನೋಡಿ. ಬೆಳಿಗ್ಗೆ ನಾನು ಹಾಳೆಯಲ್ಲಿರೋ ಹಾಗೆ ಮಾಡ್ಲಿಲ್ಲ, ತಿರುಗಿಸ್ದೆ. ನೋಡಿ." ಅವಳು ಚೀಲ ಕೆಳಗಿಟ್ಟು ಎರಡೂ ಕೈಗಳನ್ನು ಅವರ ಮುಂದೆ ಚಾಚಿದಳು.

ಅವರು ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಅಂಗೈ ನೋಡಿದರು, ಮುಂಗೈ ನೋಡಿದರು.

"ಏನೂ ಇಲ್ವಲ್ಲಮ್ಮಾ ಇಲ್ಲಿ" ಎಂದು ಸೈಕಲ್ ಬಿಡಿಸಿಕೊಂಡು ಒಳಗೆ ಹೋದರು.